ಕಪ್ಪು ಮೂಲೆಯ ಲಕೋಟೆ

ಪಕ್ಕದ ಊರು ಬಿಜ್ಜರಗಿಯ ತೋಟವೊಂದರಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಪೋಸ್ಟ್‌ಮನ್ ಧೂಳಪ್ಪ ದ್ರಾಕ್ಷಿ ಬಳ್ಳಿಯಿಂದ ಒಂದು ಎಲೆ ಕಿತ್ತ. ಚೀಲದಲ್ಲಿದ್ದ ರಿಜಿಸ್ಟರಿನ ಹಾಳೆಗಳ ನಡುವೆ ಒತ್ತಿಟ್ಟ. ನಾಲ್ಕು ದಿನ ಕಳೆದರೆ ಒಣಗುತ್ತದೆ. ಆಮೇಲೆ ಅದು ಫ್ರಾನ್ಸಿನಿಂದ ಬಂದ ಎಲೆ. ಇದು ಏಳನೆಯ ಸಲ. ಕಳ್ಳತನಕ್ಕೆ ಕೈ ಪಳಗಿತ್ತು.

ಎಲೆ ತಿಕೋಟಾದ ಸಿದ್ದರಾಯನಿಗೆ. ಎರಡನೆಯ ಮಹಾಯುದ್ಧದಲ್ಲಿ ಸಿಪಾಯಿಯಾಗಿದ್ದ ಅವನು ಜರ್ಮನ್ನರ ಸೆರೆಯಿಂದ ತಪ್ಪಿಸಿಕೊಂಡು ಫ್ರಾನ್ಸಿನ ಒಂದು ದ್ರಾಕ್ಷಿ ತೋಟ ಸೇರಿದ್ದ. ಇನ್ನೂರು ವರ್ಷಗಳಿಂದ ವೈನು ಮಾಡುತ್ತ ಬಂದ ಮನೆತನ. ಒಡತಿ ಮಾರ್ತಾ ಅವನನ್ನು ನೆಲಮಾಳಿಗೆಯಲ್ಲಿ, ವೈನಿನ ಪೀಪಾಯಿಗಳ ಹಿಂದೆ ಮೂರು ತಿಂಗಳು ಅಡಗಿಸಿಟ್ಟಳು. ಒಡಹುಟ್ಟಿದವರಿಲ್ಲದ ಸಿದ್ದರಾಯ ಅವಳನ್ನು ಅಕ್ಕ ಎಂದ. ಊರಿಗೆ ಮರಳಿದ ಮೇಲೂ ಅವಳು ಅಕ್ಕನೇ.

ತನ್ನ ಹೊಲಕ್ಕೆ ದ್ರಾಕ್ಷಿ ಹಾಕಿದಾಗ ಆ ಮನೆಯ ಪದ್ಧತಿಯನ್ನೇ ತಂದ. ಪ್ರತಿ ಸಾಲಿನ ತುದಿಗೂ ಒಂದು ಗುಲಾಬಿ ಗಿಡ. ರೋಗ ಬಂದರೆ ಮೊದಲು ಗುಲಾಬಿಗೆ ಬರುತ್ತದೆ, ಬಳ್ಳಿಯವನು ಎಚ್ಚರಾಗುತ್ತಾನೆ. ಇವನೇನು ಹಾರ ಮಾರುತ್ತಾನೋ ಎಂದು ಊರವರು ನಕ್ಕರು. ಅವನು ವೈನು ಮಾಡಲಿಲ್ಲ. ಹಣ್ಣೆಲ್ಲ ವಿಜಾಪುರದ ಗಾಂಧಿ ಚೌಕಕ್ಕೆ ಹೋಗುತ್ತಿತ್ತು. ಆದರೆ ಮನೆಗೆ ಬಂದವರಿಗೆ ತನ್ನ ಹಳೆಯ ಸಿಪಾಯಿ ಅಂಗಿ ತೋರಿಸದೆ ಕಳಿಸುತ್ತಿರಲಿಲ್ಲ. ಅದರ ಎದೆಯ ಮೇಲೆ ಅಂಗೈ ಅಗಲದ ಕಲೆ.

"ಅಕ್ಕನ ಮನಿ ಕೆಂಪು ವೈನ್ ಚೆಲ್ಲಿದ್ದು ನೋಡ್ರಿ. ಒಣಗಿ ಕರ್ರಗ ಮಸಿ ಆಗೇತಿ, ಹೋಗವಲ್ದು."

ಅವಳಿಗೆ ಕನ್ನಡ ಬಾರದು, ಇವನಿಗೆ ಅಕ್ಷರವೇ ಬಾರದು. ಹಾಗಾಗಿ ಅಲ್ಲಿಯ ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಂದು ಲಕೋಟೆ ಬರುತ್ತಿತ್ತು, ಒಳಗೆ ಒಂದು ದ್ರಾಕ್ಷಿ ಎಲೆ. ನಾನಿದ್ದೇನೆ ಎಂದು ಅರ್ಥ. ಇವನೂ ಒಂದು ಎಲೆ ಕಳಿಸುತ್ತಿದ್ದ. ಬಂದ ಲಕೋಟೆ ಒಡೆದು ಎಲೆಯನ್ನಷ್ಟೇ ಕೊಡುವುದು, ಹೋಗುವ ಲಕೋಟೆಗೆ ವಿಳಾಸ ಬರೆಯುವುದು ಧೂಳಪ್ಪನ ಕೆಲಸ.

೧೯೭೦ರಲ್ಲಿ ಬಂದ ಲಕೋಟೆಯ ಒಂದು ಮೂಲೆ ಕಪ್ಪಾಗಿತ್ತು.

ಮೂಲೆಗೆ ಮಸಿ ಹತ್ತಿದ ಕಾಗದ ಯಾವ ಸುದ್ದಿ ತರುತ್ತದೆಂದು ಪೋಸ್ಟ್‌ಮನ್ನನಿಗೆ ಹೇಳಿಕೊಡಬೇಕೆ? ಅಂಥದ್ದನ್ನು ಹೊಸ್ತಿಲೊಳಗೆ ಒಯ್ಯುವುದಿಲ್ಲ. ಅಂಗಳದಲ್ಲೇ ಓದಿ, ಹರಿದು ಹಾಕಿ, ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಧೂಳಪ್ಪನಿಗೆ ಒಡೆದು ನೋಡುವ ಧೈರ್ಯವೂ ಬರಲಿಲ್ಲ. ಸಿದ್ದರಾಯನ ಹೆಂಡತಿ ತಾಯವ್ವನನ್ನು ಮಣ್ಣು ಮಾಡಿ ಆಗ ಐದೇ ದಿನ. ಅಂಗಳದಲ್ಲಿ ಕುಸಿದು ಕೂತಿದ್ದವನು ಅಕ್ಕನ ಎಲೆ ಬಂತೇ ಎಂದು ಕೇಳಿದ. ಒಂದೇ ವಾರದಲ್ಲಿ ಎರಡನೆಯ ಸಾವು ಯಾವ ಬಾಯಿಂದ ಹೇಳುವುದು? ನಾಲ್ಕು ದಿನದಲ್ಲಿ ಬರುತ್ತದೆ ಎಂದುಬಿಟ್ಟ. ಹೇಳಿದ ಮೇಲೆ ಎಲೆ ಹುಡುಕಲೇಬೇಕಾಯಿತು.

ಸಿದ್ದರಾಯ ಕೊಟ್ಟ ಎಲೆಗಳನ್ನು ಸತ್ತವಳಿಗೆ ಕಳಿಸುವುದೆಲ್ಲಿಗೆ? ಆರು ವರ್ಷದ ಆರು ಎಲೆಗಳು ಧೂಳಪ್ಪನ ಟ್ರಂಕಿನಲ್ಲಿದ್ದವು, ಒಡೆಯದ ಆ ಲಕೋಟೆಯ ಪಕ್ಕದಲ್ಲಿ. ಫ್ರಾನ್ಸಿನಿಂದ ಮತ್ತೆ ಏನೂ ಬರಲಿಲ್ಲ. ಅವನ ಅನುಮಾನ ಗಟ್ಟಿಯಾಯಿತು.

ಹೋದ ವರ್ಷ ಸಿದ್ದರಾಯ ಎಲೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ್ದ.

"ಈ ಎಲಿ ನಮ್ಮ ಬಿಸಲು ಉಂಡಂಗ ಐತಲ್ಲೋ ಧೂಳಪ್ಪಾ."

ಧೂಳಪ್ಪ ಚೀಲ ಹೆಗಲಿಗೇರಿಸಿ ಅಲ್ಲಿಂದ ಹೊರಟುಬಿಟ್ಟಿದ್ದ. ಒಳ್ಳೆಯದಕ್ಕೇ ಮಾಡಿದ್ದು ಎಂದು ಎಷ್ಟು ಸಲ ಅಂದುಕೊಂಡರೂ, ಒಬ್ಬ ತಮ್ಮನಿಂದ ಅಕ್ಕನಿಗಾಗಿ ಅಳುವ ಹಕ್ಕನ್ನೇ ಕದ್ದಿದ್ದೇನೆ ಅನಿಸುತ್ತಿತ್ತು.

ಏಳನೆಯ ಎಲೆ ಒಣಗಿತು. ಅದನ್ನು ಕೈಗೆತ್ತಿಕೊಂಡಾಗ ಧೂಳಪ್ಪನಿಗೆ ಸಾಕೆನಿಸಿತು. ಎಲೆಯನ್ನು ಹಿಸುಕಿ ಪುಡಿ ಮಾಡಿದ. ಟ್ರಂಕಿನಿಂದ ಲಕೋಟೆ ತೆಗೆದು ಅಂಚೆಮನೆಗೆ ಒಯ್ದು ಮೇಜಿನ ಮೇಲಿಟ್ಟ. ಹತ್ತು ಗಂಟೆಗೆ ಸಿದ್ದರಾಯ ಬರುತ್ತಾನೆ. ಇವತ್ತು ಹೇಳಿಯೇಬಿಡುವುದು; ಕಪಾಳಕ್ಕೆ ಹೊಡೆದರೆ ಹೊಡೆಸಿಕೊಳ್ಳುವುದು.

ಸಿದ್ದರಾಯನಿಗಿಂತ ಮೊದಲು ಒಂದು ಟ್ಯಾಕ್ಸಿ ಬಂತು. ಇಳಿದವನು ಗೋಳಗುಮ್ಮಟ ತೋರಿಸುವ ಗೈಡ್ ದಾವಲಸಾಬ. ಹಿಂದೆ ಬೆಳ್ಳಗಿನ ಕೂದಲಿನ ಒಬ್ಬ ಪರದೇಶಿ ಹೆಂಗಸು, ಕೈಯಲ್ಲಿ ವೈನಿನ ಬಾಟಲಿ.

"ಸಿದ್ದರಾಯನ ಸಮಾಧಿ ಎಲ್ಲೈತಿ ಅಂತ ಕೇಳಾಕತ್ತಾರ್ರಿ," ಎಂದ ದಾವಲಸಾಬ. "ಆರು ವರ್ಷದಿಂದ ಅಂವನ ಎಲಿ ಬಂದಿಲ್ಲಂತ. ಸತ್ತಾನಂತ ತಿಳದು ಇವರೂ ಕಳಸೋದು ಬಿಟ್ರಂತ. ತಮ್ಮ ತೋಟದ ವೈನ್ ಸಮಾಧಿಗೆ ಎರದು ಹೋಗ್ತಾರಂತ."

ಧೂಳಪ್ಪ ಕುರ್ಚಿಯಿಂದ ಎದ್ದ. ಅಷ್ಟರಲ್ಲಿ ಅವಳ ಕಣ್ಣು ಮೇಜಿನ ಮೇಲೆ ಬಿತ್ತು. ಲಕೋಟೆ ಎತ್ತಿಕೊಂಡಳು. ಅಂಟು ಬಿಚ್ಚಿರಲಿಲ್ಲ. ಕಪ್ಪು ಮೂಲೆಯನ್ನು ಬೆರಳಿನಿಂದ ಸವರಿ, ತಗ್ಗಿದ ದನಿಯಲ್ಲಿ ಏನೋ ಹೇಳಿದಳು.

"ಮೊಮ್ಮಗ ಹುಟ್ಟಿದಾಗ ಇದನ್ನ ಇವರೇ ಕಳಸಿದ್ದಂತ," ಎಂದ ದಾವಲಸಾಬ. "ಮನಿಯಾಗ ಕೂಸು ಹುಟ್ಟಿದ್ರ, ಆ ವರ್ಷದ ಹೊಸಾ ವೈನಿನಾಗ ಲಕೋಟಿ ಮೂಲಿ ಅದ್ದಿ ಬಳಗಕ್ಕ ಕಳಸ್ತಾರಂತ. ನಾವು ಅರಿಷಿಣ ಕುಂಕುಮ ಹಚ್ಚತೇವಲ್ರಿ, ಹಂಗ."

ಹೊರಗೆ ಬೇವಿನ ಮರಕ್ಕೆ ಸೈಕಲ್ ಒರಗಿಸಿ, ಆರು ವರ್ಷದಿಂದ ಅಕ್ಕನ ಪಾಲಿಗೆ ಸತ್ತಿದ್ದ ಸಿದ್ದರಾಯ ಈ ವರ್ಷದ ಎಲೆ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದ.