ಹತ್ತಿ ಬಟ್ಟೆಯ ಕರಡಿಗೆ

ಮಹೇಶ್ವರಿ ಪುಟ್ಟ ಬಟ್ಟೆಚೀಲದ ಕೊನೆಯ ಹೊಲಿಗೆ ಹಾಕುತ್ತಿದ್ದಾಗ, "ಪೂಜಿ ಹೊತ್ತಾತು, ವಿಭೂತಿ ಎಲ್ಲೈತಿ?" ಎಂದು ತಾಯಿ ಒಳಗಿನಿಂದ ಕೇಳಿದಳು. ಮುಂಜಾನೆಯ ಪೂಜೆ ಆಗಲೇ ಮುಗಿದಿತ್ತು. ಮಹೇಶ್ವರಿ ಅದನ್ನು ಹೇಳದೆ ವಿಭೂತಿ, ನೀರು ತಂದಿಟ್ಟಳು. ಮಗಳ ಹೆಸರನ್ನೇ ಮರೆತಿದ್ದ ನೀಲಗಂಗಮ್ಮ, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಆ ಕೈ ಮಾತ್ರ ಏನನ್ನೂ ಮರೆತಿರಲಿಲ್ಲ.

ಮಹೇಶ್ವರಿಯ ಗಂಡ ಮಠದ ಕೆಲಸಕ್ಕಿದ್ದ ಕಾಶಿಯ ಆಸ್ಪತ್ರೆಯಲ್ಲಿ ಅಂದು ತಾಯಿಯ ಮೆದುಳಿನ ಸ್ಕ್ಯಾನ್ ಇತ್ತು. ಸ್ಕ್ಯಾನಿನ ಕೋಣೆಯೊಳಗೆ ಬೆಳ್ಳಿ ಒಯ್ಯುವಂತಿಲ್ಲ. ಹುಟ್ಟಿದಂದಿನಿಂದ ಮೈಮೇಲಿರುವ ಲಿಂಗವನ್ನು ತೆಗೆಯುವಂತೆಯೂ ಇಲ್ಲ. ಬಟ್ಟೆಯಲ್ಲಿ ಕಟ್ಟಿದರೆ ಅಡ್ಡಿಯಿಲ್ಲ ಎಂದು ಒಪ್ಪಿಗೆ ತಂದವಳು ಡಾಕ್ಟರ್ ರೋಹಿಣಿ, ಕಾಶಿಯಲ್ಲೇ ಬೆಳೆದ ಕನ್ನಡದ ಹುಡುಗಿ. ಮೆದುಳನ್ನು ಕಾಯಬೇಕಾದ ಜೀವಕೋಶಗಳೇ ಕೆರಳಿ ಉರಿಯೂತ ತರುತ್ತವೆಯೇ, ಆ ಉರಿ ಆರದೆ ನೆನಪನ್ನು ಸುಡುತ್ತಾ ಹೋಗುತ್ತದೆಯೇ ಎಂಬುದು ಅವಳ ಸಂಶೋಧನೆ. ಮರೆವು ಕಾಣುವ ಎಷ್ಟೋ ವರ್ಷ ಮೊದಲೇ ಇದು ಶುರುವಾಗಿರಬಹುದು, ಅದಕ್ಕೆ ರೋಗಿಗಳ ಮಕ್ಕಳ ಮೆದುಳನ್ನೂ ಸ್ಕ್ಯಾನ್ ಮಾಡಿ ನೋಡಬೇಕು, ನೀವೂ ಬನ್ನಿ ಎಂದು ಕಳೆದ ತಿಂಗಳು ಕೇಳಿದ್ದಳು. ಮಹೇಶ್ವರಿ ಒಲ್ಲೆ ಎಂದಿದ್ದಳು. ಅಜ್ಜಿಗೂ ಇದೇ ಆಗಿತ್ತು, ಈಗ ಅವ್ವನಿಗೆ. ಮುಂದಿನ ಸರದಿ ಯಾರದೆಂದು ತಿಳಿದುಕೊಂಡು ಬದುಕುವುದು ಹೇಗೆ?

ಪೂಜೆ ಮುಗಿದ ಮೇಲೆ ಲಿಂಗವನ್ನು ಬಟ್ಟೆಚೀಲದಲ್ಲಿಟ್ಟು ತಾಯಿಯ ಕೊರಳಿಗೆ ಹಾಕಿದಳು. ನೀಲಗಂಗಮ್ಮನ ಕಣ್ಣು ಖಾಲಿ ಕರಡಿಗೆಯ ಮೇಲೆ ಬಿತ್ತು. ಮುಖ ಬಿಳಿಚಿಕೊಂಡಿತು. "ನನ್ನ ಲಿಂಗ ಎಲ್ಲಿ?" ಎಂದು ಚೀಲವನ್ನು ಕಿತ್ತೆಸೆಯಲು ಹೋದಳು. ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ಹೊರಗೆ ಗಲ್ಲಿಯಲ್ಲಿ ರೋಹಿಣಿ ಬಂದು ನಿಂತಿದ್ದಳು.

ಮಹೇಶ್ವರಿಗೆ ತೋಚಿದ್ದು ಒಂದೇ. ಮೊದಲು ಹೊಲಿದು, ತಾಯಿಯ ಲಿಂಗಕ್ಕೆ ಸಣ್ಣದಾಯಿತೆಂದು ಪಕ್ಕಕ್ಕಿಟ್ಟಿದ್ದ ಇನ್ನೊಂದು ಚೀಲವನ್ನು ಎತ್ತಿಕೊಂಡಳು. ತಾಯಿಯ ಎದುರಿಗೇ ತನ್ನ ಕರಡಿಗೆ ಬಿಚ್ಚಿ, ತನ್ನ ಲಿಂಗವನ್ನು ಅದರೊಳಗೆ ಇಳಿಸಿ ಕೊರಳಿಗೆ ಹಾಕಿಕೊಂಡಳು.

"ನೋಡಬೇ, ನಂದೂ ಹಂಗ ಐತಿ."

ಮುದುಕಿ ಎರಡೂ ಚೀಲಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಒಳಗಿನ ದುಂಡು ಬೆರಳಿಗೆ ಸಿಕ್ಕಿತು. ಆಮೇಲೆ ಎದ್ದು ಹೊರಟಳು.

ಆಸ್ಪತ್ರೆಯ ಸ್ಕ್ಯಾನಿನ ಕೋಣೆಯ ಬಾಗಿಲಲ್ಲಿ ನರ್ಸು, "ಆಯಿಯೇ ಮಾತಾಜಿ" ಎಂದು ಹಿಂದಿಯಲ್ಲಿ ಒಳಗೆ ಕರೆದಾಗ ನೀಲಗಂಗಮ್ಮ ಕದಲಲಿಲ್ಲ. ಮಗಳ ಕೊರಳ ಚೀಲ ನೋಡಿದಳು, ಮಗಳ ಮುಖ ನೋಡಿದಳು. ಒಳಗೆ ಹೋಗಬೇಕಾದವಳು ಇವಳೇ ಎಂದುಕೊಂಡಳೋ ಏನೋ, ಮಹೇಶ್ವರಿಯ ಗಲ್ಲ ಸವರಿದಳು.

"ಅಂಜಬ್ಯಾಡ ತಂಗಿ. ನೀ ಒಳಗ ಹೋಗಿ ಬಾ. ನಾ ಇಲ್ಲೇ ಕುಂತಿರ್ತೀನಿ."

ರೋಹಿಣಿ ಮುಖ ತಿರುಗಿಸಿ ಕಿಟಕಿಯತ್ತ ನೋಡಿದಳು. ಮಹೇಶ್ವರಿ, "ಮೊದಲ ನೀ ಹೋಗಿ ತೋರಸಬೇ. ಆಮ್ಯಾಲೆ ನಾ" ಎಂದಳು. ತಾಯಿ ತಲೆಯಾಡಿಸಿ, ಎಳೆಯ ಮಗಳಿಗೆ ದಾರಿ ತೋರಿಸುವವಳಂತೆ ನೆಟ್ಟಗೆ ಒಳಗೆ ನಡೆದಳು.

ಸಂಜೆ ಮಠದ ಆಫೀಸಿನಿಂದ ಬಂದ ಗಂಡ ಶಿವಬಸಯ್ಯ ಚಹಾ ಕುಡಿಯುತ್ತಾ ಕೇಳಿದ, ಅತ್ತೆಯ ಲಿಂಗ ಮತ್ತೆ ಬೆಳ್ಳಿಗೆ ಬಂತಲ್ಲ, ನಿನ್ನದೇಕೆ ಇನ್ನೂ ಬಟ್ಟೆಯಲ್ಲಿದೆ ಎಂದು.

"ಬೆಳ್ಳಿ ಕಪ್ಪಾಗೇತ್ರಿ. ತಿಕ್ಕಿ ಹಾಕ್ಕೋತೀನಿ."

ಅವನು ಹೂಂಗುಟ್ಟಿದ. ಮಹೇಶ್ವರಿ ಒಳಗೆ ಹೋಗಿ ಟ್ರಂಕು ತೆರೆದಳು. ತನ್ನ ಸ್ಕ್ಯಾನಿಗೆ ರೋಹಿಣಿಯ ಬಳಿ ಹೋಗಿಬರುವ ತನಕ ಇಲ್ಲೇ ಇರಲಿ ಎಂದುಕೊಂಡು ಕರಡಿಗೆಯನ್ನು ಸೀರೆಗಳ ಅಡಿಗೆ ಸರಿಸಿದಳು. ಹಬ್ಬಕ್ಕೆಂದು ಮೊನ್ನೆಯಷ್ಟೇ ತಿಕ್ಕಿದ್ದ ಬೆಳ್ಳಿ, ಆ ಕತ್ತಲಲ್ಲೂ ಫಳಫಳ ಹೊಳೆಯುತ್ತಿತ್ತು.