ಗುಂಡು ತುಂಬುವ ಹೊತ್ತು

"ರಿವಾಲ್ವರ್‌ಗೆ ಗುಂಡು ತುಂಬೋಕೆ ಸ್ಪೀಡ್‌ಲೋಡರ್ ತಗೊಳ್ಲಾ ಅಂಕಲ್, ಮೂನ್ ಕ್ಲಿಪ್ ತಗೊಳ್ಲಾ?" ಹೊಸದಾಗಿ ಪಿಎಸ್‌ಐ ಆಗಿದ್ದವಳು ಎರಡನ್ನೂ ಮೇಜಿನ ಮೇಲಿಟ್ಟಳು.

ನಿವೃತ್ತ ಇನ್‌ಸ್ಪೆಕ್ಟರ್ ಅವಳ ಮುಖ ನೋಡಲಿಲ್ಲ. ಮೊದಲ ಆರೂ ಗುಂಡು ಹಾರಿಸಿ, ತಾನು ರಿವಾಲ್ವರ್‌ಗೆ ಎರಡನೇ ಸಲ ಒಂದೊಂದೇ ಗುಂಡು ತುಂಬುತ್ತಿದ್ದಾಗ ಜೊತೆಗಿದ್ದ ಅವಳಪ್ಪ ದರೋಡೆಕೋರರ ಗುಂಡಿಗೆ ಬಲಿಯಾದನೆಂದು ಅವರೇ ಎಲ್ಲರಿಗೂ ಹೇಳಿದ್ದರು.

"ಎರಡ್ರಲ್ಲೂ ಆರು ಗುಂಡು ಒಂದೇ ಸಲಕ್ಕೆ ಇಳಿಯುತ್ತೆ. ಮೂನ್ ಕ್ಲಿಪ್ಪಲ್ಲಾದ್ರೆ ಖಾಲಿ ತೋಟಾನೂ ಕ್ಲಿಪ್ ಜೊತೆಗೇ ಈಚೆ ಬರುತ್ತೆ. ಇಲ್ದಿದ್ರೆ ಬಿಡಿಬಿಡಿಯಾಗಿ ನೆಲಕ್ಕೆ ಬೀಳುತ್ತೆ." ಮಾತು ಕೆಲಸದ ಬಗ್ಗೆಯೇ ಇದ್ದಿದ್ದಕ್ಕೆ ಅವರಿಗೆ ಸಮಾಧಾನವಾಗಿತ್ತು.

"ಒಂದೊಂದೇ ತುಂಬಿದ್ರೂ ಬೀಳುತ್ತಾ?"

"ಬೀಳ್ದೆ ಏನಮ್ಮ? ಖಾಲಿದು ಕೆಡವಿದ್ಮೇಲೇ ಅಲ್ವಾ ಹೊಸದು ಹಾಕೋದು."

ಅವಳು ಎರಡನ್ನೂ ಎತ್ತಿ ಜೇಬಿಗೆ ಹಾಕಿಕೊಂಡಳು.

"ಅವತ್ತಿನ ಪಂಚನಾಮೆ ಓದ್ದೆ. ನೀವು ನಿಂತಿದ್ದ ಜಾಗದಲ್ಲಿ ಒಂದೇ ಒಂದು ಖಾಲಿ ತೋಟಾ ಸಿಕ್ಕಿರ್ಲಿಲ್ಲ, ಅಂಕಲ್."