ಹೊಸ ಗಿಳಿ, ಹಳೇ ಪ್ರಾಣ

ಸಾಹೇಬರ ಹಳೇ ಲ್ಯಾಪ್‌ಟಾಪಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸುವುದೆಂದರೆ, ಅಜ್ಜಿಕಥೆಯ ರಾಕ್ಷಸನ ಪ್ರಾಣವನ್ನು ಒಂದು ಗಿಳಿಯಿಂದ ಇನ್ನೊಂದಕ್ಕೆ ತುಂಬಿದ ಹಾಗೆ ಎಂದುಕೊಂಡಳು, ಕಚೇರಿಯ ಗುತ್ತಿಗೆ ಆಪರೇಟರ್ ಭಾರ್ಗವಿ.

“ಒಂದು ಬಿಟ್ಟುಹೋದ್ರೂ ನಾಳೆಯಿಂದ ಕೆಲಸಕ್ಕೆ ಬರಬೇಡಮ್ಮ,” ಎಂದಿದ್ದರು ಸಾಹೇಬರು.

ಎರಡು ದಿನ ಕೂತು ಸಾಫ್ಟ್‌ವೇರು, ಫೈಲು, ಸಾಹೇಬರ ಮೊಮ್ಮಗಳ ನಾಮಕರಣದ ಫೋಟೋ ಸಮೇತ ಎಲ್ಲವನ್ನೂ ಸಾಗಿಸಿದಳು. ಸಾಹೇಬರು ಹೊಸದರಲ್ಲಿ ಯಾರದೋ ಅರ್ಜಿಯ ಮೇಲೆ ಒತ್ತಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಇನ್ನೊಂದನ್ನು ಒತ್ತಿದರು, ಅದೂ ತೆರೆಯಿತು. ಅವರ ಮುಖ ಬಾಡಿತು.

“ಮುಖ್ಯವಾದದ್ದೇ ಬಂದಿಲ್ವಲ್ಲಮ್ಮ.”

“ಯಾವ ಫೈಲು ಸಾರ್?” ಅವಳು ಹಳೇ ಲ್ಯಾಪ್‌ಟಾಪನ್ನು ಮತ್ತೆ ಹತ್ತಿರ ಎಳೆದುಕೊಂಡಳು.

ಸಾಹೇಬರು ಬಾಗಿಲಾಚೆ ನಿಂತಿದ್ದ ಜನರ ಸಾಲನ್ನು ನೋಡಿ ದನಿ ತಗ್ಗಿಸಿದರು. “ಪರದೆ ಮೇಲೆ ಗಿರಗಿರ ತಿರುಗ್ತಿತ್ತಲ್ಲ, ಆ ಚಕ್ರ. ಇನ್ಮೇಲೆ ಏನು ತೋರಿಸಿ ಇವರಿಗೆಲ್ಲ ‘ನಾಳೆ ಬನ್ನಿ’ ಅನ್ನಲಿ?”